ವಿಭಾಗದ ಮ್ಯಾನೇಜರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತಾರಿಹಾಳದ ನಮ್ಮ ಫ್ಯಾಕ್ಟರಿ ಹಿಂದಿನ ಗಟಾರ ನಿನ್ನೆ ನೋಡಿ ಬಂದೆ. ನೀರಿನ ಮೇಲೆ ಎಣ್ಣೆ ತೇಲುತ್ತಿದೆ, ಅಂಚಿನ ಹುಲ್ಲು ಕರ್ರಗಾಗಿದೆ. ತುಂಬಾ ಬೇಜಾರಾಯ್ತು.

ತಪ್ಪು ನಮ್ಮದೂ ಇದೆ. "ಉತ್ಪಾದನೆ ಎಷ್ಟಾಯ್ತು?" ಎಂದಷ್ಟೇ ಕೇಳಿದರೆ ನೀವೂ ಅದನ್ನೇ ನೋಡುತ್ತೀರಿ, ಅಲ್ವಾ? ಈ ತಿಂಗಳಿಂದ ನಿಮ್ಮ ಬೋನಸ್ ಲೆಕ್ಕಕ್ಕೆ ನೀರು, ಕೂಲಂಟ್ (ಯಂತ್ರ ತಂಪಾಗಿಡುವ ದ್ರವ), ಕಸವೂ ಸೇರುತ್ತದೆ. ಕೂಲಂಟ್ ಸೋಸಿ ಮತ್ತೆ ಬಳಸಿ. ಉಳಿದ ಹಣದಲ್ಲಿ ಒಂದು ಪಾಲು ನಿಮ್ಮ ವಿಭಾಗಕ್ಕೇ. ಗಟಾರಕ್ಕೆ ಹೋಗುವುದೂ ನಾವು ದುಡ್ಡು ಕೊಟ್ಟು ತಂದ ಮಾಲೇ. ಅಮೆರಿಕದ 3ಎಂ ಕಂಪನಿ 1975ರಲ್ಲೇ ಹೀಗೆ ಮಾಲಿನ್ಯ ತಡೆಯುವ ದಾರಿ ಹಿಡಿದು ಖರ್ಚು ಉಳಿಸಿತು.

ಸೋರುವ ವಾಲ್ವ್ ಕಂಡರೆ ಇಲ್ಲೇ ಫೋಟೊ ಹಾಕಿ, ಯಾರನ್ನೂ ಬೈಯುವುದಿಲ್ಲ. ಶನಿವಾರ ಸಂಜೆ 4ಕ್ಕೆ ಸಭೆ, ಗಟಾರದ ಹತ್ತಿರವೇ.