ನೀನು ಗ್ರೂಪಿಗೆ ಹಾಕಿದ ಆ ವಿಡಿಯೊ

ದಾವಣಗೆರೆ

ಪ್ರೀತಿಯ ಸಂತೋಷನಿಗೆ ಸೋದರಮಾವನ ಆಶೀರ್ವಾದ.

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ನೀನು ಹಾಕಿದ, ಉಗ್ರನೊಬ್ಬ ಕೊಲೆ ಮಾಡುವ ವಿಡಿಯೊ ನೋಡಿದೆ. ಪೂರ್ತಿ ನೋಡೋಕಾಗಲಿಲ್ಲ. ನಿನ್ನ ಅತ್ತೆ ಕೈಯಲ್ಲಿದ್ದ ಮಂಡಕ್ಕಿ ತಟ್ಟೆಯನ್ನು ಹಾಗೇ ಕೆಳಗಿಟ್ಟಳು. 'ಎಲ್ಲರಿಗೂ ಗೊತ್ತಾಗಲಿ' ಅಂತ ಬರೆದಿದ್ದೀಯ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕೊಂದವನಿಗೆ ಬೇಕಾಗಿದ್ದೂ ಅದೇ ಅಲ್ವಾ?

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬ ಎರಡು ಮಸೀದಿಗಳಿಗೆ ನುಗ್ಗಿ 51 ಜನರನ್ನು ಕೊಂದ. ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಫೇಸ್‌ಬುಕ್‌ನಲ್ಲಿ ಲೈವ್ ಬಿಟ್ಟಿದ್ದ. ಲೈವ್ ನೋಡಿದವರು 200ಕ್ಕೂ ಕಡಿಮೆ. ಆದರೆ 24 ಗಂಟೆಯೊಳಗೆ ಫೇಸ್‌ಬುಕ್ 15 ಲಕ್ಷ ಪ್ರತಿಗಳನ್ನು ತೆಗೆಯಬೇಕಾಯಿತು. ಹಾಕಿದವರೆಲ್ಲ ಉಗ್ರರೇ? ನಿನ್ನ ಹಾಗೆ ಸಿಟ್ಟಾದವರೂ ಇದ್ದಿರಬೇಕು.

ಇಂಥ ವಿಡಿಯೊಗಳ ಬೆರಳಚ್ಚಿನಂಥ ಗುರುತನ್ನು ದೊಡ್ಡ ಕಂಪನಿಗಳು ಒಂದಕ್ಕೊಂದು ಕೊಡುತ್ತವೆ. ಗುರುತು ಸಿಕ್ಕರೆ ಕಂಪ್ಯೂಟರೇ ತಡೆಯುತ್ತದೆ. ಯಾರೋ ಅಂಚು ಕತ್ತರಿಸಿದರೆ, ಟಿವಿ ಪರದೆಯಿಂದ ಮತ್ತೆ ಶೂಟ್ ಮಾಡಿದರೆ, ತಪ್ಪಿಸಿಕೊಳ್ಳಬಹುದು. ನೀನು ಕಳಿಸಿದ್ದರಲ್ಲೂ ಅಂಚು ಕತ್ತರಿಸಿತ್ತು, ಗಮನಿಸಿದೆಯಾ? ವಾಟ್ಸಾಪ್ ಮೆಸೇಜನ್ನು ಕಂಪನಿಯೂ ತೆರೆದು ಓದುವಂತಿಲ್ಲ. ಅಲ್ಲಿ ತಡೆಯೋಕೆ ಇರೋದು ನಮ್ಮ ಕೈ ಒಂದೇ.

2012ರ ಆಗಸ್ಟ್‌ನಲ್ಲಿ ನೀನಿನ್ನೂ ಚಿಕ್ಕವನು. ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ, ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಊರಿನ ರೈಲು ಹತ್ತಿದರು. ನಾನು ಸ್ಟೇಷನ್ನಿನಲ್ಲಿ ನಮ್ಮ ರೈಲಿಗೆ ಕಾಯುತ್ತಿದ್ದೆ. ನಿನ್ನ ಈಗಿನ ವಯಸ್ಸಿನ ಒಬ್ಬ ಹುಡುಗ ಕುಕ್ಕರನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ನಿಂತಿದ್ದ. ಯಾರಪ್ಪ ಹೆದರಿಸಿದ್ದು ಅಂದೆ. ಸುಮ್ನೆ ಫೋನ್ ತೋರಿಸಿದ. ಒಂದು ಎಸ್ಸೆಮ್ಮೆಸ್. ಬಾಂಬಿಲ್ಲ, ಬಂದೂಕಿಲ್ಲ. ಆಮೇಲೆ ಕೇಂದ್ರ ಸರ್ಕಾರ ಒಟ್ಟಿಗೆ 5ಕ್ಕಿಂತ ಜಾಸ್ತಿ ಜನರಿಗೆ ಎಸ್ಸೆಮ್ಮೆಸ್ ಕಳಿಸೋದನ್ನು 15 ದಿನ ನಿಲ್ಲಿಸಿ ಅಂತ ಆದೇಶ ಮಾಡಿತು. ಅಷ್ಟರಲ್ಲಿ ಆ ಹುಡುಗ ಹೊರಟಾಗಿತ್ತು.

ಇನ್ನೊಂದು ಕೇಳಬೇಕು, ಮುಚ್ಚಿಡಬೇಡ. ಆ ವಿಡಿಯೊ ನಿನಗೆ ಬಂದಿದ್ದು ಯಾವ ಗ್ರೂಪಿನಿಂದ? ಸೇರಿಸಿದವನ ಮುಖ ನೋಡಿದ್ದೀಯಾ? ಹುಡುಗರನ್ನು ಉಗ್ರರ ಗುಂಪಿಗೆ ಸೆಳೆಯುವವರು ಮೊದಲು ಬಂದೂಕಿನ ಮಾತಾಡುವುದಿಲ್ಲ. ಊಟ ಆಯ್ತಾ, ಪರೀಕ್ಷೆ ಹೇಗಾಯ್ತು ಅಂತಾರೆ. ಒಂಟಿಯಾಗಿರುವವನನ್ನು ಹುಡುಕಿ ಹಿಡಿಯುತ್ತಾರೆ. ಆಮೇಲೆ ಬೇರೆ ಆ್ಯಪಿಗೆ ಬಾ, ಅಲ್ಲಿ ಮೆಸೇಜ್ ತಾನಾಗೇ ಅಳಿಸಿಹೋಗುತ್ತದೆ ಅಂತಾರೆ. ಹಾಗೆ ಯಾರಾದರೂ ಕರೆದಿದ್ದರೆ ಈಗಲೇ ಹೇಳು. ಬೈಯುವುದಿಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಇಬ್ಬರೂ ಸೇರಿ ಹೋಗೋಣ.

ಅಜ್ಜಿಯ ಫೋನಿನಿಂದ ವಿಡಿಯೊ ನಾನೇ ಅಳಿಸಿದೆ. ಉಳಿದವರಿಗೆ ನೀನೇ ಫೋನ್ ಮಾಡಿ ಅಳಿಸೋಕೆ ಹೇಳು. ಭಾನುವಾರ ಬಾ, ಅಜ್ಜಿ ಕೇಳುತ್ತಿದ್ದಾರೆ.

ನಿನ್ನ ಮಾವ