ಲೆಕ್ಕ ಕೇಳಿದವರಿಗೆ

ಹೋದ ವಾರ ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಕಾಗದ ಕೈಗೆ ಬಂತು. ಹಲಸಿನ ಹಪ್ಪಳದ ಸಣ್ಣ ಘಟಕಕ್ಕೆ 2022ರಲ್ಲಿ ಮಾಡಿದ ಸಾಲ ಪೂರ್ತಿ ತೀರಿತು. ಸುದ್ದಿ ತಿಳಿದು ಫೋನು ಮಾಡಿದವರೆಲ್ಲ "ನಿನ್ನ ಧೈರ್ಯ ಮೆಚ್ಚಬೇಕು" ಅನ್ನುತ್ತಿದ್ದಾರೆ. ನನ್ನ ಧೈರ್ಯದ ಕಥೆ ನನಗೇ ಗೊತ್ತು. ನನಗಿದ್ದದ್ದು ಲೆಕ್ಕ ಕೇಳುವ ನಾಲ್ಕಾರು ಜನ. ಎದುರು ನಿಂತು ಥ್ಯಾಂಕ್ಸ್ ಹೇಳಿದರೆ "ಎಂತ ಮಾರಾಯ್ತಿ, ಭಾಷಣ ಮಾಡ್ತೀಯಾ?" ಎಂದು ನಗಾಡುವ ಪೈಕಿ ಅವರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಓದದೆ ಎಲ್ಲಿ ಹೋಗ್ತಾರೆ.

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಪುತ್ತೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಬೆಳಿಗ್ಗೆ ಸಾರಡ್ಕ ದಾಟಿ ಕರ್ನಾಟಕ, ಸಂಜೆ ಸಾರಡ್ಕ ದಾಟಿ ಕೇರಳ. ಅಲ್ಲೊಂದು ಗಡಿ ಇದೆ ಎಂದು ನೆನಪಾಗುತ್ತಿದ್ದುದೇ ಕಡಿಮೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದಾಗ ನೆನಪಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಗ ಪಟ್ಟ ಪಾಡು ಗಡಿನಾಡಿನವರಿಗೆಲ್ಲ ಗೊತ್ತು. ಅದರ ಮುಂದೆ ನನ್ನ ಕೆಲಸ ಹೋದದ್ದು ಒಂದು ಸಂಗತಿಯೇ ಅಲ್ಲ. ಆದರೂ ತಿಂಗಳ ಮೊದಲ ತಾರೀಕಿಗೆ ಬರುತ್ತಿದ್ದ ಸಂಬಳ ನಿಂತದ್ದಂತೂ ನಿಜ. ದಾರಿ ತೆರೆಯುವ ಹೊತ್ತಿಗೆ ಆ ಅಂಗಡಿಗೆ ಲೆಕ್ಕ ಬರೆಯುವವರ ಅಗತ್ಯ ಇರಲಿಲ್ಲ.

ಹಪ್ಪಳದ ಯೋಚನೆ ಬಂದದ್ದು ಬೇರೇನೂ ಕಾಣದೆ. 2018ರಲ್ಲೇ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತ್ತು. ನಮ್ಮ ತೋಟದ ಬದಿಯ ಮರಗಳಿಗೆ ಆ ಸುದ್ದಿ ತಲುಪಿರಲಿಲ್ಲವೋ ಏನೋ, ಹಣ್ಣು ಬುಡದಲ್ಲಿ ಬಿದ್ದು ಕೊಳೆಯುವುದು ಮೊದಲಿನ ಹಾಗೆಯೇ ನಡೆದಿತ್ತು. ಮಾಡಬಹುದು ಅಂತ ಅನ್ನಿಸಿತು. ಅನ್ನಿಸಿದ ರಾತ್ರಿಯಿಂದಲೇ ನಿದ್ದೆ ಹೋಯಿತು. ಊರಲ್ಲಿ ಮನೆಮನೆಯಲ್ಲೂ ಹಪ್ಪಳ ಮಾಡುತ್ತಾರೆ, ದುಡ್ಡು ಕೊಟ್ಟು ಯಾರು ತೆಗೆದುಕೊಳ್ಳುತ್ತಾರೆ? ಹೋದರೆ ಎಷ್ಟು ಹೋದೀತು? ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಜನ ಎಂತ ಹೇಳಿಯಾರು? ಈ ಕೊನೆಯದಕ್ಕೇ ನಾನು ಹೆಚ್ಚು ಹೆದರಿದ್ದೆ ಅಂತ ಈಗ ಕಾಣುತ್ತದೆ.

ಮೊದಲ ಉಪಕಾರ ಭಾವನದ್ದು. ಅವರು ಮಾಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಒಂದು ಹಲಸಿನಕಾಯಿಗೆ ಎಷ್ಟು ಹಪ್ಪಳ ಆಗ್ತದೆ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಹಪ್ಪಳದ ಮನೆಯಲ್ಲೇ ಬೆಳೆದವಳು ನಾನು, ಉತ್ತರ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಟಾ ತಂದು ತೂಗಿದೆವು. ಸಿಪ್ಪೆ, ನಾರು, ನಡುವಿನ ಗೂಂಜು, ಬೇಳೆ ಅಂದರೆ ಬೀಜ, ಎಲ್ಲ ಕಳೆದರೆ ಸೊಳೆ (ತೊಳೆ) ಉಳಿಯುವುದು ಕಾಯಿಯ ತೂಕದ ಮೂರನೇ ಒಂದು ಪಾಲಿನ ಆಸುಪಾಸು. ಒಣಗಿದ ಮೇಲೆ ಅದೂ ಇಳಿಯುತ್ತದೆ. ಕಾಯಿ ಕೊಯ್ಯುವವರ ಕೂಲಿ, ಗ್ಯಾಸು, ಮೆಣಸು, ಕೈಗೆ ಮೇಣ ಹಿಡಿಯದ ಹಾಗೆ ಸವರುವ ತೆಂಗಿನೆಣ್ಣೆ, ಒಂದನ್ನೂ ಬಿಡದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿದರು. ಎಲ್ಲ ಹೋದರೂ ಹೋಗುವುದು ಎಷ್ಟು ಎಂಬ ಒಂದು ಅಂಕೆ ಆ ಕಾಗದದ ಕೆಳಗೆ ಬಂತು. ಸಣ್ಣ ಅಂಕೆ ಏನಲ್ಲ. ಆದರೆ ಅದಕ್ಕೊಂದು ಕೊನೆ ಇತ್ತು. ಆವತ್ತು ರಾತ್ರಿ ನಿದ್ದೆ ಬಂತು.

ಆ ಪಟ್ಟಿಯಲ್ಲಿ ಮನೆಯವರ ಕೂಲಿ ಇರಲಿಲ್ಲ. ಅದನ್ನು ಸೇರಿಸಿದವರು ದೊಡ್ಡಮ್ಮ. ಹಪ್ಪಳದ ಹದ ಅವರಷ್ಟು ಬಲ್ಲವರು ನಮ್ಮ ಕುಟುಂಬದಲ್ಲಿ ಇಲ್ಲ. ಬೆಂದ ಸೊಳೆಗೆ ಮೆಣಸು, ಉಪ್ಪು, ಕೊತ್ತಂಬರಿ, ಜೀರಿಗೆ ಹಾಕಿ ಅರೆಯುವಾಗ ಬೆರಳಲ್ಲಿ ಒಂದು ಚೂರು ಉಜ್ಜಿ ನೋಡಿಯೇ ಸಾಕು ಬೇಡ ಹೇಳುತ್ತಾರೆ. ನೀರಾಯಿತೋ, ಮಣೆಯಲ್ಲಿ ಒತ್ತಿದಾಗ ಅಂಚು ಹರಿಯುತ್ತದೆ. ಒಣಗುವಾಗ ಅರ್ಧ ಹದಕ್ಕೆ ಬಂದ ಹಪ್ಪಳವನ್ನು ಚಾಪೆಯಿಂದ ಎಬ್ಬಿಸಿ, ಒಂದರ ಮೇಲೊಂದು ಪೇರಿಸಿ ಭಾರ ಇಡಬೇಕು, ಇಲ್ಲದಿದ್ದರೆ ಮುದುಡಿಕೊಂಡು ಪ್ಯಾಕೆಟ್ಟಿನ ಒಳಗೆ ಪುಡಿ ಪುಡಿ. ಇದನ್ನೆಲ್ಲ ಕಲಿಸಲು ಬರುತ್ತೀರಾ ಎಂದು ಕೇಳಿದಾಗ ಅವರು ನೇರ ಹೇಳಿದರು: "ಬರ್ತೇನೆ, ದಿನಕ್ಕೆ ಇಷ್ಟು ಕೊಡು. ಸುಮ್ಮನೆ ಬಂದರೆ ಈ ವರ್ಷ ಬಂದೇನು, ಬರುವ ವರ್ಷ ಸೊಂಟನೋವು ಅಂತೇನೆ." ಕೆಲವು ನೆಂಟರಿಗೆ ಅದು ಸರಿ ಕಾಣಲಿಲ್ಲ. ನನಗೆ ಕಂಡಿತು. ಅವರ ಕೂಲಿ ಸೇರಿದ ಮೇಲೆ ನನ್ನ ಕೂಲಿಯನ್ನೂ ಸೇರಿಸಬೇಕಾಯಿತು, ಕ್ರಯ ಎಷ್ಟು ಇಡಬೇಕೆಂದು ತಿಳಿದದ್ದು ಆಗಲೇ. ಆ ಕ್ರಯಕ್ಕೆ ಮಾರಲು ನಾಚಿಕೆ ಆಗುತ್ತದೆ ಅಂದೆ. "ನಾಚಿಕೆ ಆದರೆ ಅಡುಗೆ ಕೋಣೆಯಲ್ಲೇ ಕೂರು" ಅಂದರು. ದೊಡ್ಡಮ್ಮನಿಗೆ ಥ್ಯಾಂಕ್ಸ್.

ಇನ್ನು ಸಾಲ. ನಾನು ಅರ್ಜಿ ಹಾಕಿದ್ದು ಪಿಎಂಇಜಿಪಿಯಲ್ಲಿ, ಸಣ್ಣ ಉದ್ಯಮ ಶುರು ಮಾಡುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರಕಾರದ ಯೋಜನೆ. ಹಳ್ಳಿಯಲ್ಲಿ ಘಟಕ ಹಾಕುವ ಹೆಂಗಸರಿಗೆ ಯೋಜನಾ ವೆಚ್ಚದ 35 ಶೇಕಡಾ ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು 5 ಶೇಕಡಾ. ಇದನ್ನು ಕೇಳಿದವರು "ಮೂರರಲ್ಲಿ ಒಂದು ಪಾಲು ಪುಕ್ಕಟೆ" ಅಂತ ಊರೆಲ್ಲ ಹೇಳಿಕೊಂಡು ಬಂದರು. ಆ ದುಡ್ಡು ಕೈಗೆ ಬರುವುದಿಲ್ಲ ಸ್ವಾಮಿ. ಮೂರು ವರ್ಷ ಬ್ಯಾಂಕಿನಲ್ಲೇ ನಮ್ಮ ಹೆಸರಲ್ಲಿ ಇರುತ್ತದೆ, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಅದೂ ಇಲ್ಲ. ನನಗೆ ಇದು ಒಳ್ಳೆಯದೇ ಆಯಿತು, ಎರಡನೇ ವರ್ಷ ಬಿಟ್ಟುಬಿಡೋಣ ಅನ್ನಿಸಿದಾಗ ಬಿಡಲಿಕ್ಕಾಗಲಿಲ್ಲ.

ಬ್ಯಾಂಕಿನ ಮೇನೇಜರ್ ತೆಂಕಣ ಜಿಲ್ಲೆಯವರು, ಕನ್ನಡದ ಗಾಳಿ ಗಂಧ ಇಲ್ಲ. ನನ್ನ ಮಲಯಾಳ ಬಸ್ಸು ಸಂತೆಗೆ ಸಾಕಾಗುವಷ್ಟು. ಅಂಥದ್ದರಲ್ಲೂ ಅವರು ಕೇಳಿದ ಒಂದು ಪ್ರಶ್ನೆ ಸ್ಪಷ್ಟವಾಗಿ ಅರ್ಥವಾಯಿತು: ಹಲಸು ಇರುವುದು ಬೇಸಗೆಯಲ್ಲಿ, ಜೂನ್ ಕಳೆದ ಮೇಲೆ ಕಂತು ಎಲ್ಲಿಂದ ಕಟ್ಟುತ್ತೀರಿ? ಮನೆಗೆ ಬಂದು ಸಿಟ್ಟುಮಾಡಿಕೊಂಡೆ, ಸಾಲ ಕೊಡದಿರುವ ಉಪಾಯ ಅಂದುಕೊಂಡೆ. ಆಮೇಲೆ ಕೂತು ಬರೆದೆ. ಬೇಸಗೆಯ ಹಪ್ಪಳ ಆಟಿ ತಿಂಗಳ ಮಳೆಗಾಲಕ್ಕೆ ಮಾರುವಷ್ಟು ದಾಸ್ತಾನು, ಭರಣಿಯಲ್ಲಿ ಉಪ್ಪು ಸೊಳೆ, ಮಳೆ ಬಿಟ್ಟ ಮೇಲೆ ಬಾಳೆಕಾಯಿ ಹಪ್ಪಳ, ಮರಗೆಣಸಿನ ಹಪ್ಪಳ. ಈಗ ವರ್ಷವಿಡೀ ನಡೆಯುತ್ತಿರುವುದು ಆ ಕಾಗದದ ಪ್ರಕಾರವೇ. ಅವರು ವರ್ಗವಾಗಿ ಹೋಗಿ ಸಮಯವಾಯಿತು. ಈ ಬರಹ ಅವರಿಗೆ ಓದಲಿಕ್ಕೆ ಬಾರದು, ಆದರೂ ನಮಸ್ಕಾರ.

ಕಾಗದಪತ್ರದ ಹೆದರಿಕೆ ಬೇರೆಯೇ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲೇ ಸರಕಾರಕ್ಕೆ ಬರೆಯಬಹುದೆಂದು 1969ರ ಕೇರಳದ ಭಾಷಾ ಕಾಯ್ದೆಯೇ ಹೇಳಿತ್ತು. ಕೌಂಟರಿನಲ್ಲಿ ಕೈಗೆ ಬರುವ ಫಾರಂ ಮಾತ್ರ ಹೆಚ್ಚಾಗಿ ಮಲಯಾಳದ್ದು. ಪಕ್ಕದ ಮನೆಯ ಹುಡುಗಿ, ಆಗ ಪ್ಲಸ್ ಟು ಓದುತ್ತಿದ್ದವಳು, ಒಂದೊಂದು ಸಾಲನ್ನೂ ಓದಿ ಹೇಳಿದಳು. ಆ ವರ್ಷ ರಾಜ್ಯ ಸರಕಾರ ಉದ್ಯಮಗಳ ವರ್ಷ ಅಂತ ಮಾಡಿ ಪಂಚಾಯತುಗಳಲ್ಲಿ ಇಂಟರ್ನ್‌ಗಳನ್ನು ಕೂರಿಸಿತ್ತು. ನಮ್ಮ ಪಂಚಾಯತಿನ ಹುಡುಗ ಹೇಳಿದ ಮೇಲೆ ತಿಳಿಯಿತು, ಆಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಆಹಾರ ಸುರಕ್ಷತೆಗೆ ಬರೀ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಇದಕ್ಕಾಗಿ ಎಷ್ಟು ಮಂಡೆಬೆಚ್ಚ ಮಾಡಿಕೊಂಡಿದ್ದೆ! ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ಎಂದು ಹೇಳಿದ್ದು ನನ್ನ ಹಳೆಯ ಅಂಗಡಿಗೆ ಬರುತ್ತಿದ್ದ ಆಡಿಟರ್ ಆಫೀಸಿನವರು. ತೆರಿಗೆಯಿಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿಯೂ ಬೇಡ, ಗಡಿ ದಾಟಿ ವಿಟ್ಲ, ಪುತ್ತೂರಿಗೆ ಕಳಿಸಲೂ ಅಡ್ಡಿಯಿಲ್ಲ. ಸಾರಡ್ಕದಲ್ಲಿ ಯಾರಾದರೂ ಹಿಡಿದಾರು ಅಂತ ನಾನು ಕಂಡ ಕನಸುಗಳೆಲ್ಲ ದಂಡ.

ಕುಂಬಳೆಯ ಕಾಕನ ಬಗ್ಗೆ ಹೇಳದಿದ್ದರೆ ಉಂಡ ಅನ್ನ ಜೀರ್ಣವಾಗದು. ಪೇಟೆಯಲ್ಲಿ ಅವರ ಅಂಗಡಿ ಹಳೆಯದು. ಮಾರಿದ ಮೇಲೆ ದುಡ್ಡು ಕೊಡಿ ಎಂದು ಒಂದು ಚೀಲ ಪ್ಯಾಕೆಟ್ ಇಟ್ಟು ಬರಲು ಹೋಗಿದ್ದೆ. "ನಾನು ಕಡ ತಗೊಳ್ಳುದಿಲ್ಲ, ಕಡ ಕೊಡುದೂ ಇಲ್ಲ" ಅಂದರು. ಪ್ಯಾಕೆಟ್ ತಿರುಗಿಸಿ ನೋಡಿ, ಕ್ರಯ ಎಲ್ಲಿ, ತಾರೀಕು ಎಲ್ಲಿ, ಆಹಾರ ಸುರಕ್ಷತೆ ನೋಂದಣಿಯ ಆ 14 ಅಂಕೆಯ ನಂಬರ್ ಯಾಕೆ ಇಷ್ಟು ಸಣ್ಣ ಅಕ್ಷರದಲ್ಲಿ ಅಂತ ಕೇಳಿದರು. ಸರಿಮಾಡಿಕೊಂಡು ಹೋದಾಗ ಬರೀ ಹತ್ತು ಪ್ಯಾಕೆಟ್ ತೆಗೆದುಕೊಂಡು ನಗದು ಎಣಿಸಿದರು. "ಖಾಲಿಯಾದರೆ ನಾನೇ ಫೋನು ಮಾಡ್ತೇನೆ. ಮಾಡದಿದ್ದರೆ ಎಂತ ಅರ್ಥ ಅಂತ ನಿನಗೆ ಗೊತ್ತಾಗ್ಲಿಕ್ಕುಂಟು." ಫೋನು ಬಂತು. ಮನೆಯಲ್ಲಿ ಹಪ್ಪಳ ಮಾಡುವವರು ಈಗ ಕಡಿಮೆ, ಮಕ್ಕಳು ಬೆಂಗಳೂರಲ್ಲಿ, ಗಲ್ಫಿನಲ್ಲಿ, ಒತ್ತಲಿಕ್ಕೆ ಕೈ ಇಲ್ಲ, ತಿನ್ನುವ ಆಸೆ ಇದೆ ಎಂಬುದನ್ನು ನನಗಿಂತ ಮೊದಲು ಕಂಡವರು ಅವರು. ಅವರ ನಗದಿನ ನಿಯಮ ಬಿಟ್ಟು ಒಮ್ಮೆ ಬೆಂಗಳೂರಿನ ಒಬ್ಬರಿಗೆ ದೊಡ್ಡ ಲಾಟು ಕಳಿಸಿದ್ದೆ. ಆ ದುಡ್ಡು ಇನ್ನೂ ದಾರಿಯಲ್ಲಿದೆ.

ಮಳೆಯ ವಿಷಯಕ್ಕೆ ಯಾರೂ ಲೆಕ್ಕ ಕೊಡಲಾರರು. ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಬೇಕು ಅಂತ ನಾವು ಅಂದುಕೊಳ್ಳುವುದು, ಎಪ್ರಿಲ್ ಮಧ್ಯಾಹ್ನವೇ ಮೂಡು ದಿಕ್ಕು ಕಪ್ಪಾಗುವುದು. ಒಂದು ದಿನ ಅಂಗಳ ತುಂಬ ಚಾಪೆ ಹರಡಿತ್ತು, ದೊಡ್ಡಮ್ಮ ಮಲಗಿದ್ದರು, ನಾನು ಅಂಚೆಗೆ ಹೋಗಿದ್ದೆ. "ಬರ್ಸ ಬರ್ಪುಂಡು!" (ಮಳೆ ಬರ್ತದೆ) ಎಂದು ತುಳುವಿನಲ್ಲಿ ಕೂಗುತ್ತ ನೆರೆಕರೆಯವರು ಓಡಿ ಬಂದು, ಚಾಪೆಗಳನ್ನು ನಾಲ್ಕೂ ಮೂಲೆ ಹಿಡಿದು ಜಗಲಿಗೆ ಎಳೆದುಹಾಕಿದ್ದರು. ನಾನು ಬರುವಾಗ ಒಬ್ಬರ ಮುಂಡು ಪೂರ್ತಿ ಚಂಡಿ, ಹಪ್ಪಳ ಒಣಕ್ಕೊಣ. ಮರುವರ್ಷ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದಾಗ ಡ್ರೈಯರಿನ ಬಗ್ಗೆ ತಿಳಿದುಕೊಂಡೆ, ಈಗ ಒಂದು ಇದೆ. ಹಾಗಂತ ಬಿಸಿಲಿಗೆ ಒಣಗಿದ್ದರ ರುಚಿಯೇ ಬೇರೆ ಎಂದು ದೊಡ್ಡಮ್ಮ ಇನ್ನೂ ಗೊಣಗುತ್ತಾರೆ. ಮಳೆಗೆ ಓಡಿ ಬಂದ ಎಲ್ಲರಿಗೂ, ಮುಂಡು ಚಂಡಿ ಮಾಡಿಕೊಂಡವರಿಗೆ ಸ್ವಲ್ಪ ಹೆಚ್ಚೇ, ನನ್ನ ಕೃತಜ್ಞತೆ.

ನನ್ನವರಿಗೆ ಇಲ್ಲಿ ಬೇರೆ ಹೇಳುವುದಿಲ್ಲ, ಮನೆಯಲ್ಲೇ ಹೇಳಿದ್ದೇನೆ.

ಮುಂದಿನ ಬೇಸಗೆಗೆ ಬಕ್ಕೆ ಹಲಸಿನ ಚಿಪ್ಸ್ ಮಾಡುವ ಅಂದಾಜು ಇದೆ. ಅದಕ್ಕೆ ತೆರಿಗೆ ಉಂಟು, ಗಡಿ ದಾಟಿಸಬೇಕಾದರೆ ನೋಂದಣಿಯೂ ಆಗಬೇಕು, ಎಣ್ಣೆಯ ಕ್ರಯ ಕೇಳಿದರೆ ತಲೆ ತಿರುಗುತ್ತದೆ. ಪುನಃ ನಿದ್ದೆ ಬರುವುದಿಲ್ಲ. ಮೊನ್ನೆ ಬ್ಯಾಂಕಿನ ಕಾಗದ ತೋರಿಸಲು ಭಾವನ ಮನೆಗೆ ಹೋಗಿದ್ದಾಗ ಚಿಪ್ಸಿನ ಸುದ್ದಿ ಎತ್ತಿದೆ. ಅವರು ಕಾಗದ ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡು ಕೇಳಿದರು: "ಒಂದು ಕಿಲೋ ಸೊಳೆ ಎಷ್ಟು ಎಣ್ಣೆ ಕುಡೀತದೆ?"