ಖುಕ್ರಿ ಮುಳುಗಿದ ಮಾರನೇ ದಿನ

ಪ್ರೀತಿಯ ಗೆಳೆಯಾ,

ಡಿಸೆಂಬರ್ ಬಂತೆಂದರೆ 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಮುಳುಗಿದ ನಮ್ಮ ನೇವಿಯ ಹಡಗು ಐಎನ್ಎಸ್ ಖುಕ್ರಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬರೆಯಲೇಬೇಕು. 18 ಆಫೀಸರುಗಳು, 176 ಸೇಲರುಗಳು, ಹಡಗು ಬಿಡದೆ ಅದರ ಜೊತೆಗೇ ಮುಳುಗಿದ ಕ್ಯಾಪ್ಟನ್ ಮುಲ್ಲಾ. ಆದರೆ ಈ ಸಲ ನನ್ನ ಮನಸ್ಸು ನಿಂತಿದ್ದು ಅದು ಮುಳುಗಿದ ಮಾರನೇ ದಿನದ ಮೇಲೆ, 1971ರ ಡಿಸೆಂಬರ್ 10ರ ಮೇಲೆ. ಅವತ್ತು ನಮ್ಮ ನೇವಿಯ ಒಂದು ಅಲಿಜೆ ವಿಮಾನ ಅರಬ್ಬಿ ಸಮುದ್ರಕ್ಕೆ ಬಿತ್ತು. ಅದರಲ್ಲಿ ಮೂವರಿದ್ದರು: ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್, ಲೆಫ್ಟಿನೆಂಟ್ ಸಿರೋಹಿ, ಮತ್ತೆ ವಿಜಯನ್. ಮೊದಲ ಇಬ್ಬರು ಆಫೀಸರುಗಳು. ವಿಜಯನ್ ನಿನ್ನ ಹಾಗೆ ಸೇಲರ್.

ಅವರ ಬಗ್ಗೆಯೇ ನಿನಗೆ ಬರೆಯಬೇಕು ಅನ್ನಿಸಿತು.

ಹಿಂದಿನ ರಾತ್ರಿ, 9ನೇ ತಾರೀಕು, ಗುಜರಾತ್ ಕರಾವಳಿಯ ದಿಯು ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಖುಕ್ರಿಗೆ ಟಾರ್ಪೆಡೊ ಹೊಡೆದಿತ್ತು. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು. ಆಮೇಲೆ ಹಂಗೋರ್‌ಗಾಗಿ ದಿನಗಟ್ಟಲೆ ಹುಡುಕಾಟ ನಡೆಯಿತು, ಹಡಗುಗಳಿಂದ, ಆಕಾಶದಿಂದ. ಅದು ಸಿಗಲೇ ಇಲ್ಲ. ಸಬ್‌ಮರೀನ್ ಹುಡುಕುವುದೇ ಅಲಿಜೆಯ ಕೆಲಸ. ಆ ಕೆಲಸದಲ್ಲಿದ್ದಾಗಲೇ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಯುದ್ಧವಿಮಾನ ಬಂದು ಅದನ್ನು ಹೊಡೆದುರುಳಿಸಿತು.

ಗೋವಾದ ಬೋಗ್ಮಾಲೊ ರಸ್ತೆಯಲ್ಲಿರುವ ನೇವಿ ವಿಮಾನಗಳ ಮ್ಯೂಸಿಯಂನಲ್ಲಿ ಒಂದು ಅಲಿಜೆ ಇಟ್ಟಿದ್ದಾರೆ, ನಿನಗೆ ಗೊತ್ತಲ್ವಾ? ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಫ್ರಾನ್ಸಿನ ಬ್ರೆಗೆ ಕಂಪನಿ ಮಾಡಿದ್ದು, ಮೂಗಿನಲ್ಲಿ ಒಂದೇ ಪ್ರೊಪೆಲ್ಲರ್. ವಿಕ್ರಾಂತ್‌ನಂಥ ವಿಮಾನವಾಹಕ ಹಡಗಿನ ಡೆಕ್ ಮೇಲೆ ಜಾಗ ಸಾಲಬೇಕಲ್ಲ, ಹಾಗಾಗಿ ರೆಕ್ಕೆ ಮಡಚುವ ಹಾಗೆ ಮಾಡಿದ್ದಾರೆ. ಹೊಟ್ಟೆಯಿಂದ ರಡಾರ್ ಕೆಳಗಿಳಿಸಿ, ನೀರಿನ ಮೇಲೆ ತಲೆ ಎತ್ತಿದ ಸಬ್‌ಮರೀನಿನ ಪೆರಿಸ್ಕೋಪ್ ಎಲ್ಲಾದರೂ ಸಿಕ್ಕೀತಾ ಅಂತ ಗಂಟೆಗಟ್ಟಲೆ ಸುತ್ತುವ ವಿಮಾನ ಇದು. ಎಷ್ಟು ಜೋರಾಗಿ ಹಾರಿದರೂ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ಅಂಥ ಫೈಟರ್ ಬೆನ್ನು ಹತ್ತಿದರೆ ಓಡಿ ತಪ್ಪಿಸಿಕೊಳ್ಳುವುದು ಎಲ್ಲಿಂದ ಬಂತು? ಇದು ಕಾಳಗ ಅಂತ ನನಗೆ ಅನ್ನಿಸುವುದೇ ಇಲ್ಲ ಕಣೋ. ಒಬ್ಬರು ಅವರ ಪಾಡಿಗೆ ನೀರು ನೋಡುತ್ತಾ ಹುಡುಕುತ್ತಿದ್ದರು, ಇನ್ನೊಬ್ಬರು ಬಂದು ಹೊಡೆದರು, ಅಷ್ಟೇ.

ಅದೇ ಅಲಿಜೆಗಳು ಆ ಯುದ್ಧದಲ್ಲಿ ಪೂರ್ವದ ಕಡೆ ವಿಕ್ರಾಂತ್‌ನಿಂದ ಹಾರಿದವು. ಸೀ ಹಾಕ್ ಫೈಟರ್‌ಗಳ ಜೊತೆ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ನಡೆದ ದಾಳಿಗಳಲ್ಲಿ ಪಾಲ್ಗೊಂಡವು. ಆ ಕಥೆ ಎಲ್ಲಾ ಕಡೆ ಇದೆ, ಹೆಮ್ಮೆಯ ಕಥೆ. ಪಶ್ಚಿಮದಲ್ಲಿ ಬಿದ್ದ ಈ ಒಂದಕ್ಕೆ ಮಾತ್ರ ಹೆಚ್ಚೆಂದರೆ ಒಂದೆರಡು ಸಾಲು. ಆ ಸಾಲಲ್ಲೂ ವಿಜಯನ್ ಹೆಸರು ಕೊನೆಗೆ. ರ‍್ಯಾಂಕ್ ಪ್ರಕಾರ ಬರೆಯುತ್ತಾರೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ನನಗೆ ಸಂಕಟ ಆಗುತ್ತದೆ. ಮುಂದಿನ ಎರಡು ಸೀಟಿನಲ್ಲಿ ಇದ್ದವರಿಗೆ ಎದುರಿನ ಆಕಾಶವಾದರೂ ಕಾಣುತ್ತದೆ. ಅಲಿಜೆಯಲ್ಲಿ ಮೂರನೆಯವನ ಜಾಗ ಅವರ ಹಿಂದೆ, ಉಪಕರಣಗಳ ಮುಂದೆ. ವಿಮಾನ ಎತ್ತ ತಿರುಗಬೇಕು ಅಂತ ತೀರ್ಮಾನ ಮಾಡುವವನು ಅವನಲ್ಲ. ಮುಂದಿನವರನ್ನು ನಂಬಿ, ಅಲ್ಲಿ ಕೂತು, ತನ್ನ ಪಾಲಿನ ಕೆಲಸ ನೋಡಿಕೊಳ್ಳಬೇಕು. ಒಂದು ಇಡೀ ಹಡಗಿನಷ್ಟು ಜನ ಹೋದ ಮಾರನೇ ದಿನವೇ, ಅದೇ ಸಮುದ್ರದ ಮೇಲೆ, ಹಾಗೆ ಹಾರಲು ಎಂಥ ಗಟ್ಟಿ ಮನಸ್ಸು ಬೇಕು ಹೇಳು.

ಆರು ದಿನ ಕಳೆದ ಮೇಲೆ, 16ನೇ ತಾರೀಕು, ಢಾಕಾದಲ್ಲಿ ಪಾಕಿಸ್ತಾನದ ಶರಣಾಗತಿಯ ಸಹಿ ಬಿತ್ತು. ಊರೂರಲ್ಲಿ ಗೆಲುವಿನ ಸಂಭ್ರಮ. ಆ ವಾರ ಈ ಮೂರು ಮನೆಗಳಲ್ಲಿ ರೇಡಿಯೋ ಹಾಕಿದ್ದರೋ ಇಲ್ಲವೋ ಅಂತ ಸುಮ್ನೆ ಯೋಚನೆ ಬರುತ್ತದೆ.

ದಿಯುನಲ್ಲಿ ಖುಕ್ರಿಗೆ ಸ್ಮಾರಕವಿದೆ, ಸಮುದ್ರದ ಕಡೆ ಮುಖ ಮಾಡಿ, ಗಾಜಿನ ಪೆಟ್ಟಿಗೆಯಲ್ಲಿ ಹಡಗಿನ ಮಾದರಿ. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಶುರುವಾಯಿತು, ಅಲ್ಲಿ ಗ್ರಾನೈಟ್ ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರು ಕೆತ್ತಿದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಕಲ್ಲಿನ ಮೇಲೆ ಹೆಸರು ಮಾತ್ರ ಹಿಡಿಸುತ್ತದೆ. ಅವರು ದಿನಾ ಏನು ಮಾಡುತ್ತಿದ್ದರು, ಹಾರುವ ಮುಂಚೆ ಏನೇನು ನೋಡಿಕೊಳ್ಳುತ್ತಿದ್ದರು, ಕೆಳಗೆ ಬರೀ ನೀರು ಕಾಣುವಾಗ ಆ ಗಂಟೆಗಳನ್ನು ಹೇಗೆ ಕಳೆಯುತ್ತಿದ್ದರು, ಇದನ್ನೆಲ್ಲ ನಿಮ್ಮಂಥವರೇ ಹೇಳಬೇಕು.

ನೀನು ನೇವಿಯಲ್ಲಿದ್ದವನು, ನಿನಗಿಂತ ಹಿರಿಯ ಸೇಲರುಗಳ ಜೊತೆ ಮೆಸ್‌ನಲ್ಲಿ ಉಂಡವನು. ಅಲಿಜೆಯಲ್ಲಿ ಹಾರಿದವರು ನಿನ್ನ ಪರಿಚಯದಲ್ಲಿ ಯಾರಾದರೂ ಇದ್ದರೆ ಅವರನ್ನು ಮಾತಾಡಿಸು. ಅವರಿಗೆ ಈಗ ವಯಸ್ಸಾಗಿರುತ್ತದೆ, ತಡ ಮಾಡಬೇಡ. ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸು ಸಾಕು, ಕೂತು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಶುರು ಮಾಡುವಾಗ ವಿಜಯನ್ ಅವರ ಬಗ್ಗೆಯೇ ಮೊದಲು ಕೇಳು.

ನಿನ್ನ
ಗೆಳೆಯ